ಹಾಲು ಇದೆ, ಮಗುವಿಗೆ ಸಿಗುತ್ತಿಲ್ಲ: ಒಂದು ಆಪ್ತಸಲಹೆ ಪ್ರಕರಣ

“ನನಗೆ ಹಾಲು ಸಾಲ್ತಿಲ್ಲ.” ನನ್ನ ಹತ್ತಿರ ಬರುವ ಹೊಸ ತಾಯಂದಿರು ಹೆಚ್ಚಾಗಿ ಹೇಳುವ ಮಾತು ಇದು. ನಿಜವಾಗಿಯೂ ಹಾಲು ಕಡಿಮೆ ಇರುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಸಲ ಎದೆಯಲ್ಲಿ ಹಾಲು ಇರುತ್ತದೆ, ಮಗು ಮೊಲೆ ಹಿಡಿಯುವ ರೀತಿ ಸರಿ ಇರುವುದಿಲ್ಲ. ಯಾವುದು ಕಾರಣ ಅಂತ ಕೂತು ನೋಡದೆ ಬಾಟಲಿ ಕೈಗೆ ಕೊಟ್ಟರೆ, ಮೊದಲು ಇಲ್ಲದಿದ್ದ ಕೊರತೆ ಆಮೇಲೆ ನಿಜವಾಗಿಯೇ ಹುಟ್ಟಿಕೊಳ್ಳುತ್ತದೆ. ಈ ಪ್ರಕರಣದಲ್ಲಿ ಆಗುತ್ತಿದ್ದದ್ದು ಅದೇ. ತಾಯಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಸುಮಾ ಅಂತ ಕರೆಯೋಣ.

ಮೊದಲ ಹೆರಿಗೆ, ಸಿಸೇರಿಯನ್. ಬಂದಾಗ ಮಗಳಿಗೆ 18 ದಿನ. ಹುಟ್ಟಿದಾಗ ತೂಕ 3 ಕೆ.ಜಿ., ಮನೆಗೆ ಹೋಗುವಾಗ 2.78, ಈಗ 2.9. ಮೊದಲ ದಿನಗಳಲ್ಲಿ ಶೇ. 7ರವರೆಗೆ ತೂಕ ಇಳಿಯುವುದು ಸಾಮಾನ್ಯ, ಶೇ. 10 ಮುಟ್ಟಿದರೆ ಗಂಭೀರವಾಗಿ ನೋಡಬೇಕು. ಇಳಿದದ್ದು ಸುಮಾರು 10ರಿಂದ 14 ದಿನದೊಳಗೆ ವಾಪಸ್ ಬರಬೇಕು. ಇಲ್ಲಿ ಬಂದಿರಲಿಲ್ಲ. ಮಕ್ಕಳ ಡಾಕ್ಟರ್ ಅದಾಗಲೇ ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ, ನಾಲಿಗೆಯೂ ಚೆನ್ನಾಗಿ ಆಡುತ್ತಿದೆ, ಹಾಲುಣಿಸುವುದನ್ನು ಯಾರಾದರೂ ಕಣ್ಣಾರೆ ನೋಡಲಿ ಅಂತ ಕಳಿಸಿದ್ದರು. ತೂಕ ಏರದ ಮಗುವನ್ನು ಮೊದಲು ಡಾಕ್ಟರ್ ನೋಡಲೇಬೇಕು, ಸಲಹೆ ಆಮೇಲೆ.

ಸುಮಾ ಜೊತೆ ಗಂಡ ಮತ್ತು ಅತ್ತೆ ಬಂದಿದ್ದರು. ಹಾಲು ಸಾಲದು ಅನ್ನುವುದಕ್ಕೆ ಅವರ ಹತ್ತಿರ ಮೂರು ಸಾಕ್ಷಿ ಇದ್ದವು. ಎದೆ ಮೊದಲಿನಷ್ಟು ಬಿಗಿಯಾಗಿಲ್ಲ. ಪಂಪ್ ಹಾಕಿದರೆ 20 ಮಿ.ಲೀ. ಮಾತ್ರ ಬಂತು. ಸಂಜೆ ಆಯಿತೆಂದರೆ ಮಗು ಎದೆ ಬಿಟ್ಟು ಇಳಿಯುವುದೇ ಇಲ್ಲ, ಅಳು ನಿಲ್ಲುವುದಿಲ್ಲ. ಹಾಗಾಗಿ 11ನೇ ದಿನ ಒಂದು ಬಾಟಲಿ ಡಬ್ಬಿ ಹಾಲು ಶುರುವಾಯಿತು, ಈಗ 60 ಮಿ.ಲೀ.ನ ನಾಲ್ಕು ಬಾಟಲಿ. ರಾತ್ರಿಯ ಬಾಟಲಿ ಗಂಡನೇ ಕೊಡುತ್ತಿದ್ದರು, ಹೆಂಡತಿ ನಿದ್ದೆ ಮಾಡಲಿ ಅಂತ. ನಡುವೆ ಎರಡು ಚಮಚ ನೀರು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ, ಎಲ್ಲರಿಗೂ ಆ ಮಗುವಿನ ಹೊಟ್ಟೆಯದ್ದೇ ಚಿಂತೆ.

ಈ ಮೂರೂ ಸಾಕ್ಷಿಗಳು ನಿಲ್ಲುವುದಿಲ್ಲ ಅಂತ ನಾನು ಅವರಿಗೆ ಹೇಳಿದೆ. ಎದೆಗೆ ಹಾಲು ಬಂದ ಮೊದಲ ವಾರದ ಬಿಗಿತದಲ್ಲಿ ಹಾಲಿನ ಜೊತೆ ಊತವೂ ಇರುತ್ತದೆ, ಅದು ಇಳಿದರೆ ಎದೆ ಮೆತ್ತಗಾಗುತ್ತದೆ, ಹಾಲು ಹೋಯಿತು ಅಂತಲ್ಲ. ಪಂಪ್‌ಗೆ ಬಂದಷ್ಟೇ ಹಾಲು ಇದೆ ಅಂತ ಲೆಕ್ಕ ಹಾಕಬೇಡಿ. ಮಗು ಚೆನ್ನಾಗಿ ಹಿಡಿದರೆ ಯಂತ್ರಕ್ಕಿಂತ ಜಾಸ್ತಿ ಎಳೆಯುತ್ತದೆ, ಅದೂ ಆಗ ತಾನೇ ಕುಡಿಸಿ ಪಂಪ್ ಹಾಕಿದರೆ ಏನು ಬಂದೀತು? ಇನ್ನು ಸಂಜೆಯ ಅಳು. ಎಳೆ ಮಕ್ಕಳು ಸಂಜೆ ಹೊತ್ತು ಗಂಟೆಗಟ್ಟಲೆ ಮತ್ತೆ ಮತ್ತೆ ಎದೆ ಕೇಳುತ್ತಾರೆ, ಚೆನ್ನಾಗಿ ತೂಕ ಏರುತ್ತಿರುವ ಮಕ್ಕಳೂ ಹಾಗೇ ಮಾಡುತ್ತಾರೆ.

ಹಾಗಾದರೆ ಯಾವುದನ್ನು ನಂಬಬೇಕು? ತೂಕ, ಡೈಪರ್ ಮತ್ತು ಗುಟುಕು. 5ನೇ ದಿನದ ನಂತರ ದಿನಕ್ಕೆ ಕನಿಷ್ಠ 6 ಸಲ ಚೆನ್ನಾಗಿ ಒದ್ದೆಯಾದ ಡೈಪರ್ ಇರಬೇಕು, ಮೂತ್ರ ತಿಳಿ ಬಣ್ಣದ್ದಿರಬೇಕು. ಮೊದಲ ದಿನಗಳ ಕಪ್ಪು ಮಲ ಹಸಿರಾಗಿ, 4–5ನೇ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಸುಮಾ ಮಗಳಿಗೆ ಒದ್ದೆ ಡೈಪರ್ 5, ಅದೂ ನಾಲ್ಕು ಬಾಟಲಿ ಕೊಟ್ಟ ಮೇಲೆ. ಅಂದರೆ ಎದೆಯಿಂದ ಅವಳಿಗೆ ಸಿಗುತ್ತಿದ್ದದ್ದು ತುಂಬಾ ಕಡಿಮೆ. ಅತ್ತೆಯ ಆತಂಕ ಸುಳ್ಳಾಗಿರಲಿಲ್ಲ, ಕಾರಣ ಮಾತ್ರ ಬೇರೆ ಇತ್ತು.

“ಮನೆಯಲ್ಲಿ ಹೇಗೆ ಕುಡಿಸ್ತೀರೋ ಹಾಗೇ ಕುಡಿಸಿ” ಅಂದೆ. ಸುಮಾ ಮುಂದಕ್ಕೆ ಬಾಗಿ, ಎರಡು ಬೆರಳ ನಡುವೆ ತೊಟ್ಟು ಹಿಡಿದು, ಅದನ್ನು ಮಗುವಿನ ಬಾಯೊಳಗೆ ಇಟ್ಟರು. ಮಗುವಿನ ಹೊಟ್ಟೆ ಮೇಲಕ್ಕೆ, ಮುಖ ಮಾತ್ರ ತಾಯಿಯ ಕಡೆ, ಕತ್ತು ತಿರುಚಿತ್ತು. ಬಾಯಿ ಅರ್ಧ ತೆರೆದಿತ್ತು, ಒಳಗೆ ಹೋದದ್ದು ತೊಟ್ಟು ಮಾತ್ರ. ಕೆನ್ನೆ ಒಳಕ್ಕೆ ಗುಳಿ ಬೀಳುತ್ತಿತ್ತು, ಚಟ್ ಚಟ್ ಅಂತ ಸದ್ದು. ಗುಟುಕು ಕೇಳಿಸಲೇ ಇಲ್ಲ. ಸುಮಾ ಕಾಲ್ಬೆರಳು ಮಡಚಿಕೊಂಡು ಹಲ್ಲು ಕಚ್ಚಿ ಕೂತಿದ್ದರು. ಬಿಡಿಸಿದಾಗ ತೊಟ್ಟಿನ ತುದಿ ಹೊಸ ಲಿಪ್‌ಸ್ಟಿಕ್‌ನ ಹಾಗೆ ಓರೆಯಾಗಿ ಚಪ್ಪಟೆಯಾಗಿತ್ತು, ಮೇಲೆ ಬಿಳಿ ಗೆರೆ, ಬುಡದಲ್ಲಿ ಬಿರುಕು. ತೊಟ್ಟು ಹೀಗೆ ಹೊರಬಂದರೆ ಮಗು ಅದನ್ನು ಅಂಗುಳಿಗೆ ಒತ್ತಿ ಜಗಿಯುತ್ತಿದೆ ಅಂತ ಅರ್ಥ. ತಾಯಿಗೆ ನೋವು, ಮಗುವಿಗೆ ಹಸಿವು, ಎರಡಕ್ಕೂ ಕಾರಣ ಇದೊಂದೇ.

ಕೂರುವುದರಿಂದಲೇ ಬದಲಾಯಿಸಿದೆವು. ಬೆನ್ನಿಗೆ ಒರಗು ಕೊಟ್ಟು ಸ್ವಲ್ಪ ಹಿಂದಕ್ಕೆ ವಾಲಿ ಕೂರಿಸಿದೆ, ಹೊಲಿಗೆ ಮೇಲೆ ಭಾರ ಬೀಳದಂತೆ ಮಗುವನ್ನು ಪಕ್ಕದಿಂದ ತಂದೆವು. ಮಗುವಿನ ಹೊಟ್ಟೆ ತಾಯಿಯ ಮೈಗೆ ಅಂಟಬೇಕು. ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿ ಇರಬೇಕು. ಕೈ ತಲೆಯ ಹಿಂಭಾಗಕ್ಕಲ್ಲ, ಕತ್ತಿನ ಬುಡಕ್ಕೆ ಮತ್ತು ಭುಜಕ್ಕೆ ಆಸರೆ ಕೊಡಬೇಕು, ತಲೆ ಒತ್ತಿದರೆ ಮಗು ಹಿಂದಕ್ಕೆ ಸೆಟೆಯುತ್ತದೆ. ತೊಟ್ಟು ಬಾಯಿಯ ಎದುರಿಗಲ್ಲ, ಮೂಗಿನ ಎದುರಿಗೆ ಬರಲಿ. ಮೇಲ್ದುಟಿಗೆ ತೊಟ್ಟು ಸವರಿ ಕಾಯಬೇಕು. ಆಕಳಿಸುವಷ್ಟು ಬಾಯಿ ತೆರೆದಾಗ, ಎದೆಯನ್ನು ಮಗುವಿನ ಕಡೆ ಒಯ್ಯದೆ ಮಗುವನ್ನೇ ಎದೆಗೆ ತಂದುಕೊಳ್ಳಬೇಕು, ಗದ್ದ ಮೊದಲು ತಾಗಬೇಕು. ಸರಿಯಾಗಿ ಹಿಡಿದರೆ ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಡೆ ಹೆಚ್ಚು ಬಾಯೊಳಗೆ ಹೋಗಿ ಮೇಲ್ಗಡೆ ಸ್ವಲ್ಪ ಕಾಣುತ್ತದೆ, ಕೆನ್ನೆ ತುಂಬಿಕೊಂಡಿರುತ್ತದೆ.

ಒಂದೇ ಸಲಕ್ಕೆ ಆಗಲಿಲ್ಲ. ನೋವಾದಾಗಲೆಲ್ಲ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಹಿಡಿತ ಸಡಿಲಿಸಿ ಬಿಡಿಸಿದೆವು, ಎಳೆದು ಬಿಡಿಸಬಾರದು. ಮಗು ಅತ್ತಿತು, ಎದೆಗೆ ಒರಗಿಸಿ ಸಮಾಧಾನ ಮಾಡಿ ಮತ್ತೆ ಹಚ್ಚಿದೆವು. ಆಮೇಲೆ ಒಮ್ಮೆ ಸರಿಯಾಗಿ ಕೂತಿತು. ಮೊದಲು ಬೇಗ ಬೇಗ ಚೀಪಿತು. ಹಾಲು ಇಳಿಯುತ್ತಿದ್ದಂತೆ ದವಡೆ ಅಗಲವಾಗಿ, ನಿಧಾನವಾಗಿ ಆಡತೊಡಗಿತು, ನಡುವೆ ಒಂದು ಸಣ್ಣ ನಿಲುಗಡೆ, ಗುಟುಕು. ಅತ್ತೆಗೂ ಕೇಳಿಸಿತು. “ಈಗ ನೋವಿದೆಯಾ?” ಅಂದೆ. “ಹಿಡಿದಾಗ ಚುರ್ ಅಂತು, ಈಗ ಬರೀ ಎಳೆದ ಹಾಗಿದೆ” ಅಂದರು ಸುಮಾ. ಅಷ್ಟೇ ಇರಬೇಕು. ಮೊದಲ ಕೆಲವು ಸೆಕೆಂಡು ದಾಟಿಯೂ ನೋವು ಉಳಿದರೆ ಸಹಿಸಿಕೊಂಡು ಕೂರಬೇಡಿ, ಬಿಡಿಸಿ ಮತ್ತೆ ಹಿಡಿಸಿ.

ಇನ್ನು ಬಾಟಲಿಯ ವಿಷಯ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ, ತುಂಬಿಯೇ ಇದ್ದರೆ ತಯಾರಿ ನಿಧಾನವಾಗುತ್ತದೆ. ಬಾಟಲಿ ಕುಡಿದ ಮಗು ಎದೆಗೆ ಬರುವುದಿಲ್ಲ, ಎದೆ ಖಾಲಿಯಾಗುವುದಿಲ್ಲ, ನಾಳೆ ಇನ್ನಷ್ಟು ಬಾಟಲಿ ಬೇಕಾಗುತ್ತದೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿ ಜಾಸ್ತಿ ಇರುತ್ತದೆ, ಹಾಗಾಗಿ ಗಂಡ ಪ್ರೀತಿಯಿಂದ ಕೊಡುತ್ತಿದ್ದ ಆ ರಾತ್ರಿಯ ಬಾಟಲಿಯಿಂದಲೇ ಹೆಚ್ಚು ನಷ್ಟ. ಹಾಗಂತ ಡಬ್ಬಿ ಹಾಲು ಇವತ್ತೇ ನಿಲ್ಲಿಸಿ ಅಂತ ಹೇಳಲಿಲ್ಲ. ತೂಕ ಹಿಂದೆ ಬಿದ್ದ ಮಗುವಿಗೆ ಇದ್ದ ಆಹಾರವನ್ನು ಒಮ್ಮೆಲೇ ಕಿತ್ತುಕೊಳ್ಳುವುದು ತಪ್ಪು. ಈ ವಿಷಯದಲ್ಲಿ ಎದೆಹಾಲಿನ ಮೇಲಿನ ಅಭಿಮಾನಕ್ಕಿಂತ ಮಗುವಿನ ಹೊಟ್ಟೆ ದೊಡ್ಡದು.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ದಿನಕ್ಕೆ 8ರಿಂದ 12 ಸಲ ಎದೆಗೆ. ಗಡಿಯಾರ ನೋಡಿ ಅಲ್ಲ, ಮಗು ತಲೆ ತಿರುಗಿಸಿ ಹುಡುಕಿದಾಗ, ಕೈ ಬಾಯಿಗೆ ಹಾಕಿದಾಗ. ಅಳು ಹಸಿವಿನ ಕೊನೆಯ ಗುರುತು, ಅಷ್ಟು ಹೊತ್ತಿಗೆ ಮಗು ಸಿಟ್ಟಾಗಿ ಎದೆಯನ್ನೇ ಹಿಡಿಯುವುದಿಲ್ಲ. ಹುಟ್ಟಿದ ತೂಕ ಬರುವವರೆಗೆ 3 ಗಂಟೆಗಿಂತ ಜಾಸ್ತಿ ಮಲಗಲು ಬಿಡದೆ ಎಬ್ಬಿಸಿ ಕುಡಿಸಬೇಕು. ಪ್ರತಿ ಸಲ ಎದೆ ಮೊದಲು, ಎರಡೂ ಕಡೆ. ಗುಟುಕು ನಿಂತಾಗ ಎದೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅದುಮಿದರೆ ಮತ್ತೆ ಗುಟುಕು ಶುರುವಾಗುತ್ತದೆ. ಹಗಲಿನ ಕೆಲವು ಸಲ, ಕುಡಿಸಿದ ಮೇಲೆ 10–15 ನಿಮಿಷ ಕೈಯಿಂದ ಹಿಂಡಿ ಅಥವಾ ಪಂಪ್ ಹಾಕಿ ತೆಗೆದು, ಆ ಹಾಲನ್ನೇ ಮೊದಲು ಒಳಲೆಯಲ್ಲೋ ಚಮಚದಲ್ಲೋ ಕೊಡುವುದು. ಕಡಿಮೆ ಬಿದ್ದದ್ದು ಮಾತ್ರ ಡಬ್ಬಿಯದು, ಅದನ್ನು ಡಬ್ಬಿ ಮೇಲಿನ ಅಳತೆಯಂತೆಯೇ ಕಲಸಬೇಕು, ನೀರು ಹೆಚ್ಚಿಸಬಾರದು. ಬಾಟಲಿಯಲ್ಲಿ ಕೊಟ್ಟರೆ ಮಗುವನ್ನು ನೆಟ್ಟಗೆ ಕೂರಿಸಿ, ಬಾಟಲಿ ಅಡ್ಡಡ್ಡ ಹಿಡಿದು, ನಡುನಡುವೆ ನಿಲ್ಲಿಸಿ ಕೊಡಿ.

ನೀರು ಪೂರ್ತಿ ಬಂದ್. ಎದೆಹಾಲಿನಲ್ಲಿ ಹೆಚ್ಚು ಕಡಿಮೆ ಶೇ. 87ರಷ್ಟು ನೀರೇ ಇದೆ. ಬಿಸಿಲಿರಲಿ, ಬಿಕ್ಕಳಿಕೆ ಬರಲಿ, 6 ತಿಂಗಳವರೆಗೆ ಬೇರೆ ನೀರು ಬೇಡ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಅಷ್ಟು ಚಿಕ್ಕ ಹೊಟ್ಟೆಯಲ್ಲಿ ನೀರು ತುಂಬಿದರೆ ಹಾಲಿಗೆ ಜಾಗ ಎಲ್ಲಿ? ಅತ್ತೆ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ ನೋಡಮ್ಮ” ಅಂದರು. ಮನೆಯ ಹಿರಿಯರನ್ನು ಹೊರಗೆ ಕೂರಿಸಿ ತಾಯಿಗೊಬ್ಬಳಿಗೇ ಸಲಹೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ರಾತ್ರಿ ಮಗು ಅತ್ತಾಗ ಪಕ್ಕದಲ್ಲಿರುವವರು ಅವರೇ ಅಲ್ವಾ?

ಗಂಡನಿಗೆ ಬೇರೆ ಕೆಲಸ ಕೊಟ್ಟೆ. ರಾತ್ರಿ ಮಗುವನ್ನು ಎತ್ತಿ ತಂದುಕೊಡುವುದು, ಡೈಪರ್, ತೇಗು ಬರಿಸುವುದು ಎಲ್ಲಾ ಅವರದ್ದು. ಬೆಳಗ್ಗೆ ಕುಡಿಸಿದ ಮೇಲೆ ಮಗುವನ್ನು ಬೇರೆ ಕೋಣೆಗೆ ಒಯ್ದು ಸುಮಾ ಮಲಗುವಂತೆ ನೋಡಿಕೊಳ್ಳುವುದೂ ಅವರದ್ದೇ. ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಿದ್ದೆ ಹೋಗಬಾರದು, ಅದು ತುಂಬಾ ಅಪಾಯ ಅಂತಲೂ ಒತ್ತಿ ಹೇಳಿದೆ. ಬಿರುಕಿಗೆ ಕುಡಿಸಿದ ಮೇಲೆ ಎರಡು ಹನಿ ಸ್ವಂತ ಹಾಲು ಸವರಿ ಗಾಳಿಗೆ ಬಿಡುವುದು ಅಥವಾ ತೊಟ್ಟಿಗೆ ಹಚ್ಚುವ ಮುಲಾಮಾದ ಶುದ್ಧ ಲ್ಯಾನೋಲಿನ್ ಹಚ್ಚುವುದು, ತೊಟ್ಟಿಗೆ ಸೋಪು ಬೇಡ.

ಗಂಡ, ಅತ್ತೆ ಆಚೆ ಹೋದ ಮೇಲೆ ಸುಮಾ ಅತ್ತರು. “ನನ್ನ ಮೈಯಲ್ಲೇ ಏನೋ ಕೊರತೆ” ಅನ್ನುವುದು ಅವರ ಮಾತು. ಹೆರಿಗೆಯಾದ ಮೊದಲ ಎರಡು ವಾರ ಸುಮ್ನೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಅದನ್ನು ದಾಟಿಯೂ ಉಳಿದರೆ ಖಿನ್ನತೆ ಇರಬಹುದೇ ಅಂತ ನೋಡಲೇಬೇಕು. ನೇರವಾಗಿ ಕೇಳಿದೆ: ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತದಾ, ನಿಮಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನ್ನಿಸಿದ್ದುಂಟಾ? ಅಂಥ ಯೋಚನೆ ಇರಲಿಲ್ಲ, ನಿದ್ದೆ ಮಾತ್ರ ಹಾರಿಹೋಗಿತ್ತು. ಅವರ ಡಾಕ್ಟರಿಗೆ ಈ ವಿಷಯ ತಿಳಿಸಲು ಒಪ್ಪಿಸಿದೆ, ಪ್ರತಿ ಭೇಟಿಯಲ್ಲೂ ಇದೇ ಪ್ರಶ್ನೆ ಮತ್ತೆ ಕೇಳಿದೆ. ಅಂಥ ಯೋಚನೆ ಇದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು, ಕಾಯಬಾರದು. ನಿದ್ದೆ ಮರಳಿದ ಮೇಲೆ ಸುಮಾ ಮಾತಿನಲ್ಲೂ ಬದಲಾವಣೆ ಕಂಡಿತು.

ಒಂದು ವಾರದೊಳಗೆ ಹುಟ್ಟಿದ ತೂಕ ದಾಟಿತು. ಮಧ್ಯೆ ತೂಕ ನೋಡುತ್ತಾ, ಏರಿಕೆ ನಿಂತಿಲ್ಲ ಅಂತ ಖಾತ್ರಿಯಾದಾಗ ಮಾತ್ರ ಡಬ್ಬಿ ಹಾಲನ್ನು ಸ್ವಲ್ಪ ಸ್ವಲ್ಪ ಇಳಿಸಿದೆವು, ಮೊದಲು ರಾತ್ರಿಯದು.

ಆಮೇಲೆ ಒಂದು ರಾತ್ರಿ ಫೋನ್. ಬಲ ಎದೆಯಲ್ಲಿ ಕೆಂಪು, ಗಟ್ಟಿ, ಜ್ವರ 38.5 ಡಿಗ್ರಿ ಸೆಲ್ಸಿಯಸ್, ಮೈಕೈ ನೋವು. ಇದು ಮಾಸ್ಟೈಟಿಸ್, ಎದೆಯ ಉರಿಯೂತ. ಮನೆಯಲ್ಲಿ ಬಿಸಿ ಶಾಖ ಕೊಟ್ಟು ಗಟ್ಟಿಯಾಗಿ ತಿಕ್ಕಲು ಹೊರಟಿದ್ದರು. ಬೇಡ ಅಂದೆ. ಎದೆಹಾಲಿನ ವೈದ್ಯಕೀಯ ಸಂಘಟನೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ತನ್ನ ಸಲಹೆಯನ್ನೇ ಬದಲಿಸಿದೆ: ಜೋರಾಗಿ ತಿಕ್ಕಿದರೆ ಒಳಗಿನ ಊತ ಹೆಚ್ಚುತ್ತದೆ, ತಣ್ಣನೆಯ ಪಟ್ಟಿ ಒಳ್ಳೆಯದು, ಪೂರ್ತಿ ಖಾಲಿ ಮಾಡಲು ಪಂಪ್ ಮೇಲೆ ಪಂಪ್ ಹಾಕಬಾರದು. ಕುಡಿಸುವುದನ್ನು ನಿಲ್ಲಿಸಬಾರದು, ಆ ಹಾಲಿನಿಂದ ಮಗುವಿಗೆ ತೊಂದರೆ ಇಲ್ಲ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಹಾಲುಣಿಸುವಾಗ ತೆಗೆದುಕೊಳ್ಳಬಹುದಾದವು, ಆದರೆ ನಿಮಗೆ ಹೊಂದುತ್ತದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. 24 ಗಂಟೆಯಲ್ಲಿ ಇಳಿಯದಿದ್ದರೆ ಡಾಕ್ಟರ್ ನೋಡಬೇಕು. ಸುಮಾಗೆ ಇಳಿಯಲಿಲ್ಲ, ಆಂಟಿಬಯೋಟಿಕ್ ಬೇಕಾಯಿತು, ಕುಡಿಸುತ್ತಲೇ ಗುಣವಾಯಿತು.

ಮಗುವಿನ ವಿಷಯದಲ್ಲಿ ಮಾತ್ರ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ. 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ, ಎಬ್ಬಿಸಿದರೂ ಎಚ್ಚರಾಗದೆ ಕುಡಿಯದಿರುವುದು, 8 ಗಂಟೆ ಮೂತ್ರ ಇಲ್ಲದಿರುವುದು, ಒಣಗಿದ ಬಾಯಿ, ಕಾಲಿನವರೆಗೆ ಇಳಿದ ಕಾಮಾಲೆ, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಆರು ವಾರದ ಹೊತ್ತಿಗೆ ಉಳಿದದ್ದು ಸಂಜೆಯ ಒಂದು ಬಾಟಲಿ. ಇದನ್ನೂ ಬಿಡಿಸಲೇಬೇಕಾ ಅಂತ ಸುಮಾ ಕೇಳಿದರು. ಮಗು ಚೆನ್ನಾಗಿ ಬೆಳೆಯುತ್ತಿದೆ, ನಿಮಗೆ ಅದರಿಂದ ಸಂಜೆ ಒಂದಿಷ್ಟು ಉಸಿರಾಡಲು ಆಗುತ್ತಿದೆ ಅಂದರೆ ಇರಲಿ, ಬಿಡಬೇಕು ಅನ್ನಿಸಿದರೆ ಆ ಹೊತ್ತಿಗೂ ಎದೆಗೆ ಹಚ್ಚಿ ಬಾಟಲಿಯನ್ನು ಕೆಲವು ದಿನದಲ್ಲಿ 10–20 ಮಿ.ಲೀ. ಇಳಿಸುತ್ತಾ ಬನ್ನಿ ಅಂದೆ. ಅವರು ಸದ್ಯಕ್ಕೆ ಇರಲಿ ಅಂದರು. ಕೆಲಸಕ್ಕೆ ಮರಳುವ ಬಗ್ಗೆ ಈಗ ಕೇಳುತ್ತಿದ್ದಾರೆ. ಹಿಂಡಿ ತೆಗೆದ ಹಾಲು ಕೋಣೆಯಲ್ಲಿ, 25 ಡಿಗ್ರಿ ಮೀರದಿದ್ದರೆ, 4 ಗಂಟೆ ಇಡಬಹುದು. ಫ್ರಿಜ್ಜಿನ ಒಳಭಾಗದಲ್ಲಿ 4 ದಿನ, ಬಾಗಿಲಿನ ತಟ್ಟೆಯಲ್ಲಿ ಬೇಡ. ಬೆಚ್ಚಗೆ ಮಾಡಲು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ, ಮೈಕ್ರೋವೇವ್‌ನಲ್ಲಿ ಇಟ್ಟರೆ ಒಂದು ಕಡೆ ಕುದಿಯುವಷ್ಟು ಬಿಸಿಯಾಗಿ ಬಾಯಿ ಸುಡುತ್ತದೆ. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯೊಳಗೆ ಮುಗಿಸಿ ಇಲ್ಲವೇ ಚೆಲ್ಲಿ.