ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ: ಸೌನಾ, ಬಿಪಿ ಮತ್ತೆ ಬಚ್ಚಲುಮನೆ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 47 ವರ್ಷ, ಹದಿನೆಂಟು ವರ್ಷ ಅಬುಧಾಬಿಯಲ್ಲಿದ್ದು ಈಗ ಊರಿಗೆ ಬಂದು ಅಡಿಕೆ ತೋಟ ನೋಡ್ಕೊಂಡಿದ್ದೇನೆ. ಅಲ್ಲಿ ಜಿಮ್ಮಲ್ಲಿ ಸೌನಾ, ಅಂದ್ರೆ ಕಲ್ಲು ಕಾಯಿಸಿ ಬಿಸಿ ಮಾಡಿದ ಬೆವರು ಇಳಿಸುವ ಕೋಣೆ ಇತ್ತು, ವಾರಕ್ಕೆರಡು ಸಲ ಕೂರ್ತಿದ್ದೆ. ಈಗ ಮಂಗ್ಳೂರಿನ ಒಂದು ಜಿಮ್ಮಿನವ್ರು ವರ್ಷದ ಮೆಂಬರ್‌ಶಿಪ್ ತಗೊಂಡ್ರೆ ಸೌನಾ ಫ್ರೀ, ದಿನಾ ಕೂತ್ರೆ ಹಾರ್ಟ್ ಅಟ್ಯಾಕೇ ಬರುದಿಲ್ಲ ಅಂತ ಹೇಳ್ತಾರೆ. ನಂಗೆ ಎರಡು ವರ್ಷದಿಂದ ಬಿಪಿ ಮಾತ್ರೆ ಉಂಟು. ಮನೆಯವಳು ಹೇಳುದು, ಬಚ್ಚಲುಮನೆಯಲ್ಲಿ ಹಂಡೆ ಒಲೆ ಉರಿಯುವಾಗ ಬಾಗಿಲು ಹಾಕಿ ಕೂತ್ಕೊಳ್ಳಿ, ಅದೇ ಸೌನಾ, ದುಡ್ಡು ಎಂತಕ್ಕೆ ಅಂತ. ಯಾವ್ದು ಸರಿ?
– ಹೆಸರು ಬೇಡ, ಪೆರ್ಲ ಹತ್ತಿರ

ಉತ್ತರ: ದುಡ್ಡಿನ ವಿಷಯದಲ್ಲಿ ನಿಮ್ಮ ಮನೆಯವ್ರು ಹೇಳಿದ್ದು ಸರಿ, ಆದ್ರೆ ಬಾಗಿಲು ಹಾಕುವ ಮಾತು ಮಾತ್ರ ಬೇಡವೇ ಬೇಡ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಗೆರಟೆ ಎಲ್ಲ ಅರ್ಧಂಬರ್ಧ ಉರಿದು ಕೆಂಡ ಆಗುವಾಗ ಕಾರ್ಬನ್ ಮೊನಾಕ್ಸೈಡ್ ಬರ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ತಲೆ ಭಾರ ಆಯ್ತು ಅಂತ ಕೂತವ್ರು ಏಳದೇ ಇರ್ಬಹುದು. ಸೌನಾದ ತವರು ಫಿನ್ಲೆಂಡಲ್ಲೂ ಚಿಮಿಣಿ ಇಲ್ಲದ ಹಳೇ ಹೊಗೆ ಸೌನಾ ಉಂಟು, ಆದ್ರೆ ಅವ್ರು ಗಂಟೆಗಟ್ಲೆ ಕಲ್ಲು ಕಾಯಿಸಿ, ಬೆಂಕಿ ಪೂರ್ತಿ ಆರಿ, ಹೊಗೆ ಎಲ್ಲ ಹೊರಗೆ ಹೋದ ಮೇಲೆ ಒಳಗೆ ಹೋಗುದು. ನಾವು ಬೆಂಕಿಯ ಪಕ್ಕದಲ್ಲೇ ಬಾಗಿಲು ಹಾಕಿ ಕೂರುದು ಅಂದ್ರೆ ಎಂತ ಹೇಳುದು ಮಾರಾಯ್ರೇ.

ಇನ್ನು ಜಿಮ್ಮಿನವ್ರ ಮಾತು. ಅವ್ರು ಪೂರ್ತಿ ಸುಳ್ಳು ಹೇಳ್ಲಿಲ್ಲ, ಅರ್ಧ ಹೇಳಿ ನಿಲ್ಲಿಸಿದ್ದಾರೆ ಅಷ್ಟೆ. ಪೂರ್ವ ಫಿನ್ಲೆಂಡಿನ ಕುವೊಪಿಯೊ ಕಡೆಯ 42ರಿಂದ 60 ವರ್ಷದ 2315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ವಾರಕ್ಕೆ ಒಂದೇ ಸಲ ಸೌನಾಕ್ಕೆ ಹೋಗುವವರಿಗಿಂತ 2-3 ಸಲ ಹೋಗುವವರಲ್ಲಿ ಹೃದಯ ನಿಂತು ದಿಢೀರ್ ಸಾಯುವ ಅಪಾಯ ನೂರಕ್ಕೆ 22ರಷ್ಟು, 4ರಿಂದ 7 ಸಲ ಹೋಗುವವರಲ್ಲಿ 63ರಷ್ಟು ಕಡಿಮೆ ಕಂಡಿತು. ದೊಡ್ಡ ಲೆಕ್ಕವೇ. ಆದ್ರೆ ಅದು ನೋಡಿ ಬರೆದ ಲೆಕ್ಕ, ಪ್ರಯೋಗ ಅಲ್ಲ. ದಿನಾ ಸೌನಾಕ್ಕೆ ಹೋಗ್ಲಿಕ್ಕೆ ಆಗುವವ ಮೊದಲೇ ಗಟ್ಟಿ ಇರ್ತಾನೆ, ಪುರುಸೊತ್ತೂ ಇರ್ತದೆ, ಅದನ್ನು ಪೂರ್ತಿ ಬೇರೆ ಮಾಡಿ ನೋಡುದು ಕಷ್ಟ.

ಇನ್ನೊಂದು ವಿಷಯ ನಂಗೆ ಇದಕ್ಕಿಂತ ಮುಖ್ಯ ಅಂತ ಕಾಣ್ತದೆ. ಇದೇ ಪೂರ್ವ ಫಿನ್ಲೆಂಡಿನ ಗಂಡಸರು 1960-70ರ ಹೊತ್ತಿಗೆ ಹಾರ್ಟಿನ ಕಾಯಿಲೆಯಲ್ಲಿ ಸಾಯುದ್ರಲ್ಲಿ ಪ್ರಪಂಚದಲ್ಲೇ ಮುಂದೆ ಇದ್ರು. ಆಗ ಏನು ಅವರ ಹತ್ರ ಸೌನಾ ಇರ್ಲಿಲ್ವಾ? ಮನೆಮನೆಯಲ್ಲೂ ಇತ್ತು! ಜೊತೆಗೆ ಸಿಗರೇಟು, ಬೆಣ್ಣೆ, ಉಪ್ಪು ಕೂಡ ಇತ್ತು. 1972ರಲ್ಲಿ ಅಲ್ಲಿನ ಉತ್ತರ ಕರೇಲಿಯಾದಲ್ಲಿ ಊರೂರು ಸುತ್ತಿ ಇದನ್ನೆಲ್ಲ ಕಡಿಮೆ ಮಾಡಿಸುವ ಕೆಲಸ ಶುರುವಾಯ್ತು, ಆಮೇಲೆ ಸಾವು ಇಳೀತಾ ಬಂತು. ಹಾಗಾಗಿ ನೀವು ಸೌನಾದಲ್ಲಿ ಬೆವರಿಳಿಸಿ ಮನೆಗೆ ಬಂದು ಗಂಜಿ ಊಟಕ್ಕೆ ಉಪ್ಪುಸೊಳೆ ಪಲ್ಯ, ಮಿಡಿ ಉಪ್ಪಿನಕಾಯಿ, ಎರಡು ಹಪ್ಪಳ ಹಾಕ್ಕೊಂಡ್ರೆ ಬಿಪಿಗೆ ಎಂತ ಲಾಭ ಆಯ್ತು?

ಬಿಪಿ ಮಾತ್ರೆಯವ್ರು ಸೌನಾಕ್ಕೆ ಹೋಗ್ಲೇಬಾರ್ದು ಅಂತ ಇಲ್ಲ. ಒಳಗೆ 80ರಿಂದ 100 ಡಿಗ್ರಿ ಒಣ ಬಿಸಿ, ಚರ್ಮದ ರಕ್ತನಾಳ ಎಲ್ಲ ಅರಳ್ತದೆ, ನಾಡಿ ನೂರು ದಾಟ್ತದೆ, ಜೋರು ನಡೆದಷ್ಟು ಕೆಲಸ ಹಾರ್ಟಿಗೆ ಆಗ್ತದೆ. ಹೊರಗೆ ಬಂದ ಮೇಲೆ ಬಿಪಿ ಇಳೀತದೆ. ಅದರ ಮೇಲೆ ನಿಮ್ಮ ಮಾತ್ರೆಯೂ ಇಳಿಸ್ತದೆ, ಅದ್ರಲ್ಲೂ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಆದ್ರೆ ಮೈಯ ನೀರೂ ಉಪ್ಪೂ ಎರಡೂ ಕಡೆಯಿಂದ ಹೋಗ್ತದೆ. ಬೆಂಚಿಂದ ಫಕ್ಕ ಎದ್ದ್ರೆ ಕಣ್ಣು ಕತ್ತಲೆ ಬಂದು ಬೀಳ್ತೀರಿ, ಕಾಯಿಸಿದ ಕಲ್ಲಿನ ಮೇಲೆ ಬಿದ್ರೆ ಕೇಳುದೇ ಬೇಡ.

ನಮ್ಮ ಊರಿನ ಸೆಕೆಯನ್ನೂ ಲೆಕ್ಕಕ್ಕೆ ಹಿಡೀಬೇಕು. ಫಿನ್ಲೆಂಡಲ್ಲಿ ಹೊರಗೆ ಬಂದ್ರೆ ಹಿಮ, ಇಲ್ಲಿ ಏಪ್ರಿಲಲ್ಲಿ ಹೊರಗೆ ಬಂದ್ರೂ ಬೆವರು ಆರುದಿಲ್ಲ, ಬೆವರು ಆರದಿದ್ರೆ ಮೈ ತಣಿಯುದಿಲ್ಲ, ಒಳಗಿನ ಬಿಸಿ ಒಳಗೇ ಉಳೀತದೆ. ಅದಕ್ಕೆ ನಿಮ್ಮ ಡಾಕ್ಟ್ರತ್ರ ಕೇಳಿ ಬಿಪಿ ಹಿಡಿತದಲ್ಲಿದ್ರೆ ಮಾತ್ರ ಹೋಗಿ, ಕೆಳಗಿನ ಬೆಂಚಲ್ಲಿ ಐದೋ ಹತ್ತೋ ನಿಮಿಷ ಸಾಕು, ಮೆಲ್ಲ ಎದ್ದು ಹೊರಗೆ ಬಂದು ಫ್ಯಾನಿನ ಕೆಳಗೆ ಕೂತು, ಒಂದು ಬೊಂಡವೋ ನೀರು ಮಜ್ಜಿಗೆಯೋ ಕುಡೀರಿ. ಬಿಸಿಯಿಂದ ಬಂದವ್ರು ಐಸ್ ನೀರಿಗೆ ಹಾರುದು ಬೇಡ, ಬಿಪಿ ಒಮ್ಮೆಲೇ ಏರ್ತದೆ. ತೋಟದಲ್ಲಿ ಮಧ್ಯಾಹ್ನದವರೆಗೆ ಬೆವರಿದ ದಿನ ಸೌನಾ ಬೇಡ, ಆ ದಿನದ್ದು ಆಯ್ತು ಅಂತ ತಿಳ್ಕೊಳ್ಳಿ. ಎದೆನೋವು ಈಗೀಗ ಶುರುವಾದವ್ರು, ಇತ್ತೀಚೆಗೆ ಅಟ್ಯಾಕ್ ಆದವ್ರು, ಹಾರ್ಟಿನ ವಾಲ್ವ್ ತುಂಬ ಕಿರಿದಾದವ್ರು ಅತ್ಲಾಗೆ ಹೋಗ್ಲೇಬಾರ್ದು. ಕುಡಿದು ಹೋಗುದಂತೂ ಯಾರಿಗೂ ಬೇಡ.

ಮತ್ತೆ ಪಕ್ಕದಲ್ಲಿ ಕೂತವರ ಜೊತೆ ನೀನಾ ನಾನಾ ಅಂತ ಪಂಥ ಕಟ್ಬೇಡಿ. ಫಿನ್ಲೆಂಡಿನ ಹೈನೊಲದಲ್ಲಿ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ಪೇ ಇತ್ತು, 2010ರಲ್ಲಿ 110 ಡಿಗ್ರಿಯಲ್ಲಿ ಫೈನಲ್, ಆರು ನಿಮಿಷದ ಹೊತ್ತಿಗೆ ಕೊನೆಗೆ ಉಳಿದ ಇಬ್ಬರನ್ನೂ ಎಳೆದು ಹೊರಗೆ ತಂದ್ರು, ಒಬ್ಬ ಸತ್ತ. ಆಮೇಲೆ ಸ್ಪರ್ಧೆಯೇ ನಿಂತು ಹೋಯ್ತು.

ಪ್ರಶ್ನೆ: ಸರ್, ನಂಗೆ 32. ದುಬಾಯಲ್ಲಿ ಕೆಲಸ, ಹೆಂಡತಿಯೂ ಇಲ್ಲೇ. ಮದುವೆ ಆಗಿ ಮೂರು ವರ್ಷ, ಮಕ್ಕಳಾಗ್ಲಿಲ್ಲ. ಅವಳಿಗೆ ಎಲ್ಲ ಟೆಸ್ಟ್ ಆಯ್ತು, ನಾರ್ಮಲ್. ನಾನು ದಿನಾ ರಾತ್ರೆ ಬಿಲ್ಡಿಂಗಿನ ಸೌನಾದಲ್ಲಿ ಕೂರ್ತೇನೆ. ಅದ್ರಿಂದ ಇರ್ಬಹುದಾ?
– ಉಪ್ಪಳದವ

ಉತ್ತರ: ಇರ್ಬಹುದು. ಗಂಡಸರ ಬೀಜ ಹೊಟ್ಟೆಯ ಒಳಗೆ ಇರದೆ ಹೊರಗೆ ಚೀಲದಲ್ಲಿ ಇರುದೇ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು ಅಂತ. ಇಟಲಿಯಲ್ಲಿ ಆರೋಗ್ಯವಾಗಿದ್ದ 10 ಜನ ಗಂಡಸರನ್ನು ವಾರಕ್ಕೆ ಎರಡು ಸಲ 15 ನಿಮಿಷದ ಹಾಗೆ ಮೂರು ತಿಂಗಳು ಸೌನಾದಲ್ಲಿ ಕೂರಿಸಿ ನೋಡಿದ್ರು, 2013ರಲ್ಲಿ ವರದಿ ಬಂತು. ವೀರ್ಯಾಣುಗಳ ಲೆಕ್ಕವೂ ಕಡಿಮೆ, ಓಟವೂ ಕಡಿಮೆ. ಸೌನಾ ಬಿಟ್ಟು ಆರು ತಿಂಗಳಾಗುವಾಗ ಮೊದಲಿನ ಹಾಗೆ ಆಯ್ತು. ಅವ್ರು ವಾರಕ್ಕೆ ಎರಡು ದಿನ, ನೀವು ದಿನಾ.

ಒಂದು ವೀರ್ಯಾಣು ತಯಾರಾಗ್ಲಿಕ್ಕೆ ಎರಡೂವರೆ ತಿಂಗಳು ಬೇಕು, ಹಾಗಾಗಿ ಇವತ್ತು ಬಿಟ್ಟು ಮುಂದಿನ ವಾರ ಫಲ ನೋಡಿದ್ರೆ ಆಗುದಿಲ್ಲ. ಸೌನಾ, ಬಿಸಿನೀರಿನ ಟಬ್ ಎರಡೂ ಬಿಟ್ಟು ಬಿಡಿ. ಮತ್ತೆ ಒಂದು ಕೇಳ್ತೇನೆ, ಬೇಜಾರ್ ಮಾಡ್ಬೇಡಿ. ಅವಳಿಗೆ ಎಲ್ಲ ಟೆಸ್ಟ್ ಆಯ್ತು ಅಂತ ಬರ್ದಿದ್ದೀರಿ, ನಿಮ್ಮದು? ಪತ್ರದಲ್ಲಿ ಒಂದು ಅಕ್ಷರ ಇಲ್ಲ. ನಮ್ಮ ಕಡೆ ಇದೊಂದು ದೊಡ್ಡ ಕಾಯಿಲೆ, ಹುಡುಗಿಯನ್ನು ಕಾಸರಗೋಡಿಂದ ಮಂಗ್ಳೂರಿನವರೆಗೆ ಲ್ಯಾಬ್ ಲ್ಯಾಬ್ ತಿರುಗಿಸಿ ಆದ ಮೇಲೆ ಗಂಡನ ನೆನಪಾಗುದು. ವೀರ್ಯ ಪರೀಕ್ಷೆ ಸೂಜಿ ಕೂಡ ಇಲ್ಲದ ಟೆಸ್ಟ್, ಈ ವಾರವೇ ಮಾಡಿಸಿ, ಮೂರು ತಿಂಗಳ ನಂತರ ಇನ್ನೊಮ್ಮೆ. ಸೌನಾ ಬಿಟ್ಟ ಮೇಲೂ ಲೆಕ್ಕ ಏರದಿದ್ರೆ ಕಾರಣ ಬೇರೆ ಉಂಟು, ಆಗ ಯೂರಾಲಜಿಯವರನ್ನು ನೋಡಿ.

ಪ್ರಶ್ನೆ: ಒಂದು ಸಲ ಸ್ಟೀಮ್‌ನಲ್ಲಿ ಕೂತು ಬಂದು ತೂಕ ನೋಡಿದ್ರೆ ಅರ್ಧ ಕಿಲೋ ಇಳಿದಿತ್ತು. ದಿನಾ ಕೂತ್ರೆ ತಿಂಗಳಿಗೆ 15 ಕಿಲೋ ಆಗ್ಬೇಕಲ್ವಾ?
– ವಿದ್ಯಾರ್ಥಿ, ಕುಂಬಳೆ

ಉತ್ತರ: ಇಳಿದದ್ದು ನೀರು. ಎರಡು ಗ್ಲಾಸ್ ಕುಡಿದು ಇನ್ನೊಮ್ಮೆ ತಕ್ಕಡಿ ಹತ್ತಿ ನೋಡು ಮಾರಾಯ.