ಚಾರ್ಟ್‌ನಲ್ಲಿ ಆಕಳು ಕಾಣುತ್ತದೆ, ‘ಈಸ್’ ಕಾಣುವುದಿಲ್ಲ

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಮತ್ತು ಆರನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಚಿತ್ರ ತೋರಿಸಿ ಕಲಿಸಿದರೆ ಗ್ರಾಮರ್ ಬೇಗ ತಲೆಗೆ ಹತ್ತುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಗೋಡೆ ತುಂಬ ಚಾರ್ಟ್ ಹಚ್ಚಿದ್ದೇನೆ. ‘ವಾಟ್ ಈಸ್ ದಿಸ್?’ ಎಂದರೆ ‘ಕೌ’, ‘ಟ್ರೀ’, ‘ಬಸ್’ ಎಂದು ಎಲ್ಲರೂ ಕೂಗುತ್ತಾರೆ. ಬರೆಯಿರಿ ಎಂದರೆ ಮಾತ್ರ ‘ಹಿ ಗೋಯಿಂಗ್ ಸ್ಕೂಲ್’. ಎಲ್ಲಿ ತಪ್ಪುತ್ತಿದೆ?
– ಸಹಶಿಕ್ಷಕಿ, ಗಂಗಾವತಿ ತಾಲ್ಲೂಕು

ಉತ್ತರ: ನಿಮ್ಮ ಚಾರ್ಟ್‌ಗಳ ತಪ್ಪೇನೂ ಇಲ್ಲ, ಕೇಳುವ ಪ್ರಶ್ನೆಯನ್ನು ಬದಲಿಸಬೇಕು. ‘ವಾಟ್ ಈಸ್ ದಿಸ್?’ ಎಂದರೆ ಜಾಣ ಮಗು ಒಂದೇ ಪದದಲ್ಲಿ ಉತ್ತರ ಕೊಟ್ಟು ಕೂತುಬಿಡುತ್ತದೆ. ಅದು ಸರಿಯುತ್ತರವೇ. ಆದರೆ ಅಷ್ಟರಲ್ಲಿ ಮಗುವಿಗೆ ಶಬ್ದ ಬಂತೇ ಹೊರತು ವಾಕ್ಯ ಬರಲಿಲ್ಲ.

ವ್ಯಾಕರಣ ಕಲಿಸಲು ಒಂದು ಚಿತ್ರ ಸಾಲದು, ಎರಡು ಬೇಕು. ಎರಡರಲ್ಲೂ ಉಳಿದದ್ದೆಲ್ಲ ಒಂದೇ ಇದ್ದು, ಒಂದು ಸಂಗತಿ ಮಾತ್ರ ಬೇರೆ ಇರಬೇಕು. ನಿಮ್ಮ ಕಡೆಯ ಮಕ್ಕಳು ದಿನಾ ನೋಡುವ ಅಕ್ಕಿ ಗಿರಣಿಯ ಲಾರಿಯನ್ನೇ ತೆಗೆದುಕೊಳ್ಳಿ. ಮೊದಲ ಚಿತ್ರದಲ್ಲಿ ಡ್ರೈವರ್ ಲಾರಿ ಓಡಿಸುತ್ತಿದ್ದಾನೆ. ಎರಡನೆಯದರಲ್ಲಿ ಅದೇ ಲಾರಿಯ ನೆರಳಲ್ಲಿ ಟವೆಲ್ ಹಾಸಿಕೊಂಡು ಮಲಗಿದ್ದಾನೆ. ಈಗ ಕೇಳಿ: ಇವನ ಕೆಲಸ ಏನು? ‘ಹಿ ಡ್ರೈವ್ಸ್ ಎ ಲಾರಿ.’ ಈಗ ಏನು ಮಾಡುತ್ತಿದ್ದಾನೆ? ‘ಹಿ ಈಸ್ ಸ್ಲೀಪಿಂಗ್.’ ಮಲಗಿದವನನ್ನು ತೋರಿಸಿ ‘ಹಿ ಡ್ರೈವ್ಸ್’ ಎಂದಾಗ ಒಬ್ಬಿಬ್ಬರಾದರೂ ‘ಇಲ್ಲರೀ ಟೀಚರ್, ಮಕ್ಕೊಂಡಾನ’ ಎಂದು ತಕರಾರು ತೆಗೆಯುತ್ತಾರೆ. ಆ ತಕರಾರೇ ಬೇಕಾದದ್ದು. ರೂಢಿಯ ಕೆಲಸಕ್ಕೆ ಒಂದು ರೂಪ, ಈ ಕ್ಷಣದ ಕೆಲಸಕ್ಕೆ ಇನ್ನೊಂದು ಎಂಬುದನ್ನು ಅವರೇ ಹಿಡಿಯುತ್ತಾರೆ. ‘ಸಿಂಪಲ್ ಪ್ರೆಸೆಂಟ್’, ‘ಪ್ರೆಸೆಂಟ್ ಕಂಟಿನ್ಯುಯಸ್’ ಎಂಬ ಹೆಸರುಗಳನ್ನು ಆಮೇಲೆ ಹೇಳಿದರಾಯಿತು, ಆ ವಾರ ಹೇಳದಿದ್ದರೂ ನಷ್ಟವಿಲ್ಲ.

ಕಾಲಭೇದಕ್ಕೆ ಮೂರು ಚಿತ್ರಗಳ ಸಾಲು ಮಾಡಿ. ಹುಡುಗ ಗಡಿಗೆಯ ಕಡೆ ಕಲ್ಲು ಎತ್ತಿದ್ದಾನೆ, ಗಡಿಗೆ ಒಡೆಯುತ್ತಿದೆ, ಚೂರುಗಳು ಬಿದ್ದಿವೆ. ‘ಈಸ್ ಗೋಯಿಂಗ್ ಟು ಬ್ರೇಕ್’, ‘ಈಸ್ ಬ್ರೇಕಿಂಗ್’, ‘ಹ್ಯಾಸ್ ಬ್ರೋಕನ್’. ಕರಿಹಲಗೆಯ ಮೇಲೆ ಕಡ್ಡಿಮನುಷ್ಯನನ್ನು ಗೀಚಿದರೂ ಸಾಕು, ಚೆಂದ ಬರೆಯಬೇಕೆಂದೇನಿಲ್ಲ. ವಕ್ರವಾಗಿ ಬಂದರೆ ಮಕ್ಕಳು ನಗುತ್ತಾರೆ, ಪಾಠ ನಡೆಯುತ್ತದೆ.

ಚಿತ್ರಕ್ಕೆ ಅತಿ ಸುಲಭವಾಗಿ ದಕ್ಕುವುದು ಪ್ರಿಪೊಸಿಷನ್. ಕನ್ನಡದ ಒಂದು ‘ಮೇಲೆ’ಗೆ ಇಂಗ್ಲಿಷಿನಲ್ಲಿ ‘ಆನ್’, ‘ಓವರ್’, ‘ಅಬೊವ್’ ಎಂದು ಬೇರೆಬೇರೆ ಇರುವುದರಿಂದ ಮಕ್ಕಳು ಎಡವುವುದು ಸಹಜ. ತುಂಗಭದ್ರೆಯ ಒಂದು ಚಿತ್ರ ಬರೆಸಿ: ನೀರಿಗೆ ತಾಗಿಕೊಂಡೇ ಹರಗೋಲು, ಅದು ‘ಆನ್’, ನೀರಿಗೆ ತಾಗದೆ ಈ ದಡದಿಂದ ಆ ದಡಕ್ಕೆ ಸೇತುವೆ, ಅದು ‘ಓವರ್’, ನೀರೊಳಗೆ ಮೀನು, ಅದು ‘ಇನ್’. ಆನೆಗೊಂದಿಯ ಕಡೆ ಹೋಗಿಬಂದ ಮಕ್ಕಳಿಗೆ ಹರಗೋಲಿನ ವಿವರಣೆ ಬೇಡ. ದೊಡ್ಡದು–ಸಣ್ಣದು, ಏಕವಚನ–ಬಹುವಚನಗಳಿಗೂ ಜೋಡಿಚಿತ್ರ ನೆಟ್ಟಗೆ ಕೆಲಸ ಮಾಡುತ್ತದೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಇನ್ನು ನಿಮ್ಮ ‘ಹಿ ಗೋಯಿಂಗ್’. ‘ಅವನು ಹುಡುಗ’ ಎಂದರೆ ಕನ್ನಡದಲ್ಲಿ ಅದೇ ಪೂರ್ಣ ವಾಕ್ಯ. ‘ಹೊಂಟಾನ’ ಎಂಬ ಒಂದೇ ಪದದಲ್ಲಿ ಯಾರು, ಏನು, ಯಾವಾಗ ಎಲ್ಲ ಅಡಗಿದೆ. ಹಾಗಿರುವಾಗ ‘ಈಸ್’ ಬೇಕೆಂದು ಮಗುವಿಗೆ ಹೊಳೆಯುವುದಾದರೂ ಹೇಗೆ? ಅದನ್ನು ಯಾವ ಚಿತ್ರದಲ್ಲೂ ಬರೆಯಲಾಗದು. ಚಿತ್ರ ಅರ್ಥವನ್ನು ತೋರಿಸೀತು, ವಾಕ್ಯದ ಕಟ್ಟನ್ನು ತೋರಿಸದು. ಚಿತ್ರ ತೋರಿಸಿದರೆ ಗ್ರಾಮರ್ ಬೇಗ ಹತ್ತುತ್ತದೆ ಎಂಬ ತರಬೇತಿಯ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇಲ್ಲಿಯೇ. ವಾಕ್ಯದ ಕಟ್ಟು ತೋರಿಸಲು ಪದಗಳ ಕಾರ್ಡ್ ಬೇಕು. ಹಳೆಯ ಮದುವೆ ಪತ್ರಿಕೆಗಳ ಹಿಂಬದಿಯಲ್ಲಿ ‘ಹಿ’, ‘ಈಸ್’, ‘ಗೋಯಿಂಗ್’, ‘ಟು’, ‘ಸ್ಕೂಲ್’ ಎಂದು ದಪ್ಪಗೆ ಬರೆದು ಐವರ ಕೈಗೆ ಕೊಟ್ಟು ಚಿತ್ರದ ಕೆಳಗೆ ಸಾಲಾಗಿ ನಿಲ್ಲಿಸಿ. ‘ಈಸ್’ ಹಿಡಿದವಳನ್ನು ಹೊರಗೆ ಕಳಿಸಿ, ಸಾಲಿನಲ್ಲಿ ತೆರವಾದ ಜಾಗ ಕಾಣಲಿ. ಅವಳನ್ನೇ ಸಾಲಿನ ಮೊದಲಿಗೆ ತಂದು ನಿಲ್ಲಿಸಿದರೆ ‘ಈಸ್ ಹಿ ಗೋಯಿಂಗ್ ಟು ಸ್ಕೂಲ್?’ ಎಂಬ ಪ್ರಶ್ನೆಯಾಯಿತು.

ಚಿತ್ರಕ್ಕೂ ವಾಕ್ಯಕ್ಕೂ ಗಂಟು ಹಾಕುವ ಉಪಾಯ ಹಳೆಯದು. ಕೊಮೀನಿಯಸ್ ಎಂಬ ಶಿಕ್ಷಣತಜ್ಞ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚು ಹಾಕಿಸಿದ ಸಚಿತ್ರ ಲ್ಯಾಟಿನ್ ಪಾಠದಲ್ಲಿ ಚಿತ್ರದ ಭಾಗಗಳಿಗೆ ಅಂಕಿ ಕೊಟ್ಟು, ಅದೇ ಅಂಕಿಯನ್ನು ವಾಕ್ಯದೊಳಗಿನ ಪದದ ಪಕ್ಕ ಇಟ್ಟಿದ್ದ. ನಿಮ್ಮ ಚಾರ್ಟ್‌ಗಳ ಮೇಲೂ ಪೆನ್ಸಿಲ್ಲಿನಲ್ಲಿ ಅಂಕಿ ಹಾಕಬಹುದು.

ಒಂದು ಆಟ ಹೇಳುತ್ತೇನೆ, ಉಳಿದದ್ದನ್ನೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿ. ಒಬ್ಬನ ಕೈಯಲ್ಲಿ ಚಿತ್ರ, ಇನ್ನೊಬ್ಬನ ಕೈಯಲ್ಲಿ ಖಾಲಿ ಹಾಳೆ. ಮೊದಲನೆಯವನು ‘ಎ ಡಾಗ್ ಈಸ್ ಅಂಡರ್ ದ ಕಾಟ್’ ಎನ್ನಬೇಕು, ಎರಡನೆಯವನು ಕೇಳಿದ್ದನ್ನೇ ಚಿತ್ರವಾಗಿ ಬರೆಯಬೇಕು. ‘ಅಂಡರ್’ ಬದಲು ‘ಆನ್’ ಎಂದರೆ ನಾಯಿ ಮಂಚ ಏರಿರುತ್ತದೆ. ತಪ್ಪನ್ನು ನೀವು ಕೆಂಪು ಶಾಯಿಯಲ್ಲಿ ತೋರಿಸಬೇಕಾಗಿಲ್ಲ, ಅವರಿಬ್ಬರೇ ಜಗಳವಾಡಿ ತಿದ್ದಿಕೊಳ್ಳುತ್ತಾರೆ. ಬಾಯಲ್ಲಿ ಬಂದ ವಾಕ್ಯವನ್ನು ಅದೇ ಪೀರಿಯಡ್‌ನಲ್ಲಿ ಚಿತ್ರದ ಕೆಳಗೆ ಬರೆಸಿ, ನಾಳೆಗೆ ಇಟ್ಟರೆ ಮರಳಿ ಮೊದಲಿಂದ ಶುರುಮಾಡಬೇಕಾಗುತ್ತದೆ.

ಪ್ರಶ್ನೆ: ಮಗ ನಾಲ್ಕನೇ ತರಗತಿ. ನೌನ್, ವರ್ಬ್ ವ್ಯಾಖ್ಯೆ ಬಾಯಿಪಾಠ ಇದೆ, ವಾಕ್ಯ ಬರುವುದಿಲ್ಲ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಬಣ್ಣದ ಚಿತ್ರಗಳ ಗ್ರಾಮರ್ ಪುಸ್ತಕ ಕೊಡಿಸಲೇ?
– ಪಾಲಕರು, ಸಿಂಧನೂರು

ಉತ್ತರ: ಈಗಲೇ ಬೇಡ. ಅಂಥ ಪುಸ್ತಕಗಳಲ್ಲಿ ಹಿಮದ ಬೊಂಬೆ, ಟೋಸ್ಟರ್ ಇದ್ದರೆ ಹುಡುಗ ವಾಕ್ಯಕ್ಕಿಂತ ಮೊದಲು ಆ ವಸ್ತು ಏನೆಂದು ಕೇಳುತ್ತಾನೆ. ನಿಮ್ಮ ಮೊಬೈಲಿನಲ್ಲಿ ಮನೆಯವರ ಫೋಟೊಗಳಿವೆಯಲ್ಲ? ಅವ್ವ ರೊಟ್ಟಿ ಬಡಿಯುತ್ತಿರುವುದು, ತಂಗಿ ಸೈಕಲ್ ಹೊಡೆಯುತ್ತಿರುವುದು, ನೀವು ಹೊಲದಲ್ಲಿ ಬೆಳೆಗೆ ಎಣ್ಣೆ ಹೊಡೆಯುತ್ತಿರುವುದು. ರಾತ್ರಿ ಊಟವಾದ ಮೇಲೆ ಒಂದು ಫೋಟೊ ತೆಗೆದು ‘ಇವರು ಏನು ಮಾಡಾಕತ್ತಾರ?’ ಎಂದು ಕನ್ನಡದಲ್ಲೇ ಕೇಳಿ, ಅವನು ಇಂಗ್ಲಿಷಿನಲ್ಲಿ ಹೇಳಲಿ. ಸರಿಯೋ ತಪ್ಪೋ ನಿಮಗೆ ತಿಳಿಯದಿದ್ದರೆ ಅವನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಸಿ, ವಾರಕ್ಕೊಮ್ಮೆ ಅವರ ಶಾಲೆಯ ಮೇಷ್ಟರಿಗೆ ತೋರಿಸಿ.