ಹೃದಯ ನಿಂತು ಮತ್ತೆ ಬಡಿದ ಮೇಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಎರಡು ತಿಂಗಳ ಹಿಂದೆ ಮನೆಯಲ್ಲೇ ಹೃದಯ ನಿಂತುಹೋಗಿತ್ತು. ಆಂಬುಲೆನ್ಸ್ ಬರುವವರೆಗೂ ನಾನೇ ಎದೆ ಒತ್ತಿದೆ. ಬದುಕಿಕೊಂಡರು, ಐಸಿಡಿ (ಬಡಿತ ಅಪಾಯಕಾರಿಯಾಗಿ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ, ಸಾಮಾನ್ಯವಾಗಿ ಎದೆಯ ಎಡಭಾಗದಲ್ಲಿ ಚರ್ಮದಡಿ ಇಡುವ ಸಾಧನ) ಹಾಕಿದ್ದಾರೆ. ಈಗ ಕೇಳಿದ್ದನ್ನೇ ಕೇಳುತ್ತಾರೆ, ಸಣ್ಣದಕ್ಕೂ ರೇಗುತ್ತಾರೆ, ಮಧ್ಯಾಹ್ನವೆಲ್ಲ ಮಲಗುತ್ತಾರೆ. ಪಕ್ಕೆ ನೋವು ಅಂದಾಗಲೆಲ್ಲ ನಾನೇ ಮೂಳೆ ಮುರಿದೆನೇನೋ ಅನಿಸುತ್ತದೆ. ರಾತ್ರಿ ಅವರ ಉಸಿರಾಟ ನೋಡುತ್ತ ಕೂರುತ್ತೇನೆ.
– ಓದುಗರು, ದಾವಣಗೆರೆ

ಉತ್ತರ: ಮೊದಲು ಪಕ್ಕೆಯ ಮಾತು. ಸರಿಯಾಗಿ ಒತ್ತಬೇಕೆಂದರೆ ಎದೆ 5ರಿಂದ 6 ಸೆಂ.ಮೀ. ಕುಸಿಯಬೇಕು, ನಿಮಿಷಕ್ಕೆ 100–120 ಸಲ. ಅಷ್ಟು ಒತ್ತಿದಾಗ ಪಕ್ಕೆಲುಬು ಬಿರುಕು ಬಿಡುವುದು ಸಾಮಾನ್ಯ. ಮೂಳೆ ಕೂಡಿಕೊಳ್ಳುತ್ತದೆ, ನೀವು ಒತ್ತದಿದ್ದರೆ ಅವರು ಉಳಿಯುವುದೇ ಕಷ್ಟವಿತ್ತು. ಕೆಮ್ಮುವಾಗ ಎದೆಗೆ ದಿಂಬು ಅವಚಿಕೊಳ್ಳಲಿ.

ಮರೆವು, ಸಿಟ್ಟು, ಸುಸ್ತು ಹಠವೂ ಅಲ್ಲ, ಸೋಮಾರಿತನವೂ ಅಲ್ಲ. ರಕ್ತ ಹರಿಯದ ಆ ನಿಮಿಷಗಳಲ್ಲಿ ಮಿದುಳಿಗೆ ಆಮ್ಲಜನಕ ಸಿಗಲಿಲ್ಲ. ಹೊಸದನ್ನು ನೆನಪಿಟ್ಟುಕೊಳ್ಳುವ ಭಾಗ ಬಹುಬೇಗ ಪೆಟ್ಟು ತಿನ್ನುತ್ತದೆ. ಚೇತರಿಕೆ ಮೊದಲ ಆರು ತಿಂಗಳಲ್ಲಿ ಹೆಚ್ಚು. ಹೃದ್ರೋಗ ತಜ್ಞರ ಬಳಿ ಎಕೋ (ಹೃದಯದ ಸ್ಕ್ಯಾನ್), ಮಾತ್ರೆಗಳಲ್ಲೇ ಮಾತು ಮುಗಿದುಬಿಡುವುದುಂಟು. ನೆನಪಿನ ವಿಚಾರ ನೀವೇ ಎತ್ತಬೇಕು. ಒಂದು ವಾರ ಏನೇನು ಮರೆತರು ಎಂದು ಬರೆದಿಟ್ಟು ತೋರಿಸಿ, ನೆನಪಿನ ಪರೀಕ್ಷೆ ಮಾಡಿಸಲು ಕೇಳಿ. ಸುಸ್ತಿನಲ್ಲಿ ಹೃದಯ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆಯ ಪಾಲೂ ಇರಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ಅವರು ಕೂರುವ ಕುರ್ಚಿಯ ಎದುರಿಗೇ ಒಂದು ಸ್ಲೇಟು ತೂಗುಹಾಕಿ. ಇವತ್ತಿನ ವಾರ, ತಾರೀಖು, ‘ಮಗಳು ಶನಿವಾರ ಬರುತ್ತಾಳೆ’ – ಇಷ್ಟು ಬರೆದರೆ ಸಾಕು. ಮೂರನೇ ಸಲ ಕೇಳಿದಾಗ ‘ಆಗಲೇ ಹೇಳಿದೆನಲ್ಲ’ ಅನ್ನದೆ ಸ್ಲೇಟು ತೋರಿಸಿ. ನಾಲ್ಕು ದಿನದಲ್ಲಿ ಅವರೇ ಅತ್ತ ನೋಡತೊಡಗಬಹುದು. ಮಾತನಾಡುವಾಗ ಟಿ.ವಿ. ಆರಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾತ್ರೆಗೆ ಏಳು ದಿನದ ಡಬ್ಬಿ ಇರಲಿ. ಸ್ನಾನವಾದ ಕೂಡಲೇ ತಿಂಡಿ, ತಿಂಡಿಯಾದ ಕೂಡಲೇ ವಾಕಿಂಗ್ ಎಂದು ಒಂದರ ಹಿಂದೊಂದು ಬೇಡ. ನಡುವೆ ಅರ್ಧ ಗಂಟೆ ಒರಗಲಿ. ನೋಡಲು ಬರುವ ನೆಂಟರು ಇಬ್ಬಿಬ್ಬರೇ ಬರಲಿ, ಇಪ್ಪತ್ತು ನಿಮಿಷಕ್ಕೆ ಏಳಲಿ.

ಇನ್ನು ನೀವು. ಕಣ್ಣೆದುರೇ ನಡೆದದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ನಿದ್ದೆ ಬಾರದಿರುವುದು ತಿಂಗಳು ಮೀರಿದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ. ವಾರಕ್ಕೆರಡು ರಾತ್ರಿಯಾದರೂ ಬೇರೆಯವರು ಅವರ ಕೋಣೆಯಲ್ಲಿ ಮಲಗಲಿ. ಎದೆಬಡಿತದ ಕಾವಲಿಗೆ ಐಸಿಡಿ ಇದೆ. ರಾತ್ರಿಯೆಲ್ಲ ಬಡಿತ ಗಮನಿಸುವುದೇ ಅದರ ಕೆಲಸ.

ಪ್ರಶ್ನೆ: ಅಣ್ಣನಿಗೆ ಐಸಿಡಿ ಹಾಕಿ ಹತ್ತು ದಿನ. ಮೊಬೈಲು, ಇಂಡಕ್ಷನ್ ಒಲೆ ಬಳಸಬಹುದೇ? ಅದು ಶಾಕ್ ಕೊಡುವಾಗ ಮುಟ್ಟಿದರೆ ನಮಗೂ ಹೊಡೆಯುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಮುಟ್ಟಿದವರಿಗೆ ಸ್ವಲ್ಪ ಜುಮ್ಮೆನ್ನಬಹುದು, ಅಪಾಯವಿಲ್ಲ. ಮೊಬೈಲು ಐಸಿಡಿಯಿಂದ 15 ಸೆಂ.ಮೀ. ದೂರವಿರಲಿ, ಅಂಗಿಯ ಎಡ ಜೇಬು ಬೇಡ, ಬಲ ಕಿವಿಗೆ ಹಿಡಿಯಲಿ. ಉರಿಯುವ ಇಂಡಕ್ಷನ್ ಒಲೆಯಿಂದ 60 ಸೆಂ.ಮೀ., ಅಂದರೆ ಎರಡಡಿ ಹಿಂದೆ ನಿಲ್ಲಲಿ. ಫ್ರಿಜ್, ಟಿ.ವಿ.ಗೆ ಹೆದರಬೇಕಿಲ್ಲ. ನಾಲ್ಕರಿಂದ ಆರು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಬಾವಿಯ ನೀರು ಸೇದಬಾರದು. ಹಾಗೆಂದು ಕೈ ಅಲ್ಲಾಡಿಸದೆ ಕಟ್ಟಿಟ್ಟರೆ ಭುಜ ಬಿಗಿದುಕೊಳ್ಳುತ್ತದೆ.

ಒಂದೇ ಶಾಕ್ ಬಂದು ಆಮೇಲೆ ಆರಾಮವಾಗಿದ್ದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿ. ಒಂದು ದಿನದೊಳಗೆ ಎರಡು ಬಂದರೆ, ಅಥವಾ ಒಂದೇ ಬಂದು ಉಸಿರು ಕಟ್ಟಿದರೆ, ಎದೆ ನೋವಿದ್ದರೆ 108. ಎಚ್ಚರವಿಲ್ಲ, ಉಸಿರಾಟವೂ ಸರಿಯಿಲ್ಲ ಎಂದರೆ ಐಸಿಡಿ ಇದೆಯೆಂದು ಕಾಯಬೇಡಿ, ಎದೆ ಒತ್ತಲು ಶುರುಮಾಡಿ.

ಪ್ರಶ್ನೆ: ತಂದೆಗೂ ಹೀಗೆ ಹೃದಯ ನಿಂತಿತ್ತು. ಮಕ್ಕಳೂ ಪರೀಕ್ಷೆ ಮಾಡಿಸಬೇಕೇ?
– ಓದುಗರು, ಹಾಸನ

ಉತ್ತರ: ಕಾರಣದ ಮೇಲೆ ಹೋಗುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನೆಂದಿದೆ ನೋಡಿ. ರಕ್ತನಾಳದ ಬ್ಲಾಕ್ ಎಂದಿದ್ದರೆ ನಿಮ್ಮ ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಹೃದಯದ ಸ್ನಾಯುವಿನ ಅಥವಾ ಬಡಿತದ ಲಯದ ವಂಶಪಾರಂಪರ್ಯ ಕಾಯಿಲೆ ಎಂದಿದ್ದರೆ, ಅಥವಾ ಕಾರಣ ಸಿಗಲಿಲ್ಲ ಎಂದಿದ್ದರೆ, ಮಕ್ಕಳು, ಒಡಹುಟ್ಟಿದವರು, ಹೆತ್ತವರು ಎಲ್ಲರೂ ಹೃದ್ರೋಗ ತಜ್ಞರನ್ನು ಕಂಡು ಇಸಿಜಿ, ಎಕೋ ಮಾಡಿಸಬೇಕು. ಹೋಗುವಾಗ ಆ ಸಮ್ಮರಿಯ ಜೆರಾಕ್ಸ್ ಒಯ್ಯಿರಿ.